ಏಲಕ್ಕಿ ತಕ್ಕಡಿ

ಇಪ್ಪತ್ತು ವರ್ಷ ಸಂಸಾರ ತೂಗಿಸಿದವಳು
ಈಗ ನಿಜವಾಗಿ ತೂಗಿಸುತ್ತಿದ್ದೇನೆ,
ಮಾರ್ಕೆಟ್ ರಸ್ತೆಯ ಖಲಂದರ್ ಸಾಬರ ಏಲಕ್ಕಿ ತಕ್ಕಡಿಯಲ್ಲಿ:
ಗುಡಾರ ಒಂದು ಕೇಜಿ ನೂರು,
ಒಲೆ ಎಂಬತ್ತು ಗ್ರಾಂ,
ಹಲ್ಲುಜ್ಜುವ ಬ್ರಷ್ಷಿನ ಹಿಡಿಕೆ ಗರಗಸಕ್ಕೆ ಹೋಯಿತು.
"ಬಾಚಣಿಗೆ?" ಅಂದರು.
ಜಡೆಯನ್ನೇ ಕತ್ತರಿಸುತ್ತೇನೆ ಅಂದೆ. ನಕ್ಕರು.
ಮನೆಯಲ್ಲಿ ಇದನ್ನೇ ಹೇಳಿದಾಗ
ಯಾರೂ ನಕ್ಕಿರಲಿಲ್ಲ.

ಏಳು ದ್ವೀಪ. ಎಲ್ಲವೂ ಗುಡ್ಡ. ನಡುವೆ ದೋಣಿ.
ನಿಯಮ ಒಂದೇ, ಯಾರ ನೆರವೂ ಪಡೆಯಕೂಡದು.
ಪಂಚರ್ ಆದರೆ ನಾನೇ, ಹಸಿದರೆ ನಾನೇ,
ಅತ್ತರೆ ಸಮಾಧಾನಕ್ಕೂ ನಾನೇ.
ಓದಿ ಹೇಳಿದೆ, ಫ್ರೇಮಿಗೆ ಚೀಲ ಹೊಲಿಯುತ್ತಿದ್ದ
ಸೆವ್ರಿನಾ ಬಾಯಿಗೆ.
ಮಿಷನ್ ನಿಲ್ಲಿಸದೆ ಕೇಳಿದಳು:
"ಈ ಹೊಲಿಗೆ ಲೆಕ್ಕಕ್ಕೆ ಬರ್ತದೋ ಇಲ್ವೋ?"

ಬೆಳಗಿನ ನಾಲ್ಕೂವರೆ, ಕೈಮರ ದಾಟಿ
ಎರಡು ಇಟ್ಟಿಗೆ ಹೇರಿಕೊಂಡು ಅತ್ತಿಗುಂಡಿಯ ಏರು.
ಒಂದು ತಿರುವಿನಲ್ಲಿ, ದಿನವೂ ಅದೇ ತಿರುವಿನಲ್ಲಿ,
ತೊಡೆ ಕೇಳುತ್ತದೆ: ನಲವತ್ತಾರಕ್ಕೆ ಬೇಕಿತ್ತೇ?
ತೊಡೆಗೆ ಉತ್ತರ ಕೊಡಬಾರದು,
ಗೇರ್ ಇಳಿಸಬೇಕು.
ಕೆಳಗೆ ಮೋಡ ಥೇಟ್ ಕಡಲು
ಎಂದು ಜೀಪಿನವರು ಫೋಟೋ ಹಿಡಿದರು.
ಕಡಲು ನಾನಿನ್ನೂ ದಾಟಿಲ್ಲ. ನನಗೆ ಕಂಡದ್ದು
ಒದ್ದೆ ಬ್ರೇಕು, ಇಳಿಜಾರು,
ಇಟ್ಟಿಗೆಗಳ ಗಡಗಡ.

ನಿನ್ನೆ ರಾತ್ರಿ ಚೀಲ ಕೊಡವಿದರೆ
ಮೂಲೆಯಲ್ಲೊಂದು ಪೊಟ್ಟಣ:
ಏಲಕ್ಕಿ, ಹಿಡಿಯಷ್ಟು.
ಸಾಬರು ಯಾವಾಗ ಇಟ್ಟರೋ.
ಇಪ್ಪತ್ತು ಗ್ರಾಂ ಇರಬಹುದು, ಮೂವತ್ತೂ ಇರಬಹುದು.
ತೂಗಲಿಲ್ಲ.
ಚಮಚ ತೆಗೆದಿಟ್ಟೆ.