ಮೂಲೆಯ ಚುಕ್ಕೆ

ಮೂವತ್ತೊಂದು ವರ್ಷ ಗ್ರಿಮ್ಸ್‌ಬಿಯ ಕೊರೊನೆಟ್ ಟಾಕೀಸಿನಲ್ಲಿ
ರೀಲು ಓಡಿಸಿದವನು ನಾನು.
ಗೂಢಚಾರರೆಲ್ಲ ನನ್ನ ಕೈಮೇಲೇ ಹಾದುಹೋದವರು:
ಡಬ್ಬಿಯಲ್ಲಿ ಬಂದು, ಸುರುಳಿ ಬಿಚ್ಚಿ, ಬೆಳಕಲ್ಲಿ ಹಾರಿ,
ಸೋಮವಾರದ ರೈಲಿಗೆ ಮತ್ತೆ ಡಬ್ಬಿ ಸೇರಿ
ಲಿಂಕನ್ನಿಗೋ ಡಾನ್‌ಕಾಸ್ಟರಿಗೋ ಹೊರಟವರು.

ಪುಸ್ತಕ ಇದೆಯೆಂದು ಗೊತ್ತಿತ್ತು. ಬರುತ್ತಿತ್ತಲ್ಲ,
ಕಾದಂಬರಿ ಆಧಾರಿತ ಅಂತ, ಸಣ್ಣಕ್ಷರದಲ್ಲಿ.
ಆ ಹೊತ್ತಿಗೆ ನಾನು ಫೋಕಸ್ ತಿರುಗಿಸುತ್ತಿದ್ದೆ.

ಟಿಕೆಟ್ ಕಿಂಡಿಯ ಎನಿಡ್ ಕ್ರೌದರ್ ಓದುತ್ತಿದ್ದಳು ಎಲ್ಲವನ್ನೂ,
ಚಿಲ್ಲರೆಯ ಡ್ರಾಯರಿನಲ್ಲಿ ಅಡಗಿಸಿಟ್ಟು.
ಅದರಲ್ಲಿ ಹಾಗಿಲ್ಲ ಕಣಯ್ಯ, ಅನ್ನುವಳು ಚಹಾದ ಹೊತ್ತಲ್ಲಿ.
ಹೇಳಬೇಡ, ಅನ್ನುತ್ತಿದ್ದೆ.
ಯಾಕೆ ಹಾಗೆಂದೆನೋ. ಓದುವ ಇರಾದೆಯೇನೂ ಇರಲಿಲ್ಲ.

ಈಗ ಟಾಕೀಸು ಕಾರ್ಪೆಟ್ ಅಂಗಡಿ. ನನಗೆ ಎಪ್ಪತ್ತಾರು.
ಚರ್ಚಿನ ಹಳೇ ಸಾಮಾನಿನ ಮಾರಾಟದಲ್ಲಿ
ಎನಿಡ್ ಪೆಟ್ಟಿಗೆಯೊಂದನ್ನು ಎರಡು ಪೌಂಡಿಗೆ ಕೊಟ್ಟಳು,
ಕಣ್ಣಿಗೆ ಪೊರೆ ಬಂದಿದೆ, ತಗೊಂಡು ಹೋಗು, ಎಂದು.
ಹನ್ನೊಂದು ಪುಸ್ತಕ. ಒಂದೊಂದರಲ್ಲೂ
ಗುರುತಿಗೆ ಹರಿದ ಅರ್ಧ ಟಿಕೇಟು.

ಮೊದಲು ತೆರೆದದ್ದು ಗೋಡೆ ಹಾರುವವನ ಕಥೆ,
ಆರು ವಾರ ಹೌಸ್‌ಫುಲ್ ಓಡಿದ್ದು.
ಪುಟ ನಲವತ್ತಾದರೂ ಗೋಡೆಯ ಸುಳಿವಿಲ್ಲ.
ಒಂದು ಬಾಡಿಗೆ ಕೋಣೆ. ಗ್ಯಾಸಿನ ಮೀಟರಿಗೆ ನಾಣ್ಯವಿಲ್ಲ.
ದವಡೆಹಲ್ಲು ನೋವು, ಲವಂಗ ಕಚ್ಚಿಕೊಂಡಿದ್ದಾನೆ.
ಕಚೇರಿಗೆ ಖರ್ಚು ಬರೆಯುತ್ತಾನೆ: ಬಸ್ಸು, ನಾಲ್ಕು ಪೆನ್ನಿ;
ಬೇಯಿಸಿದ ಮೊಟ್ಟೆ, ಒಂದು.
ಮೇಲಿನವರು ಮೊಟ್ಟೆಯನ್ನು ಹೊಡೆದುಹಾಕುತ್ತಾರೆ.
ನಾನು ಕಂಡ ಆಸಾಮಿಗೋ, ಹಲ್ಲೆಲ್ಲ ಮುತ್ತು!

ಪುಟ ತೊಂಬತ್ತು. ಕಾಯುತ್ತಿದ್ದಾನೆ.
ಕಿಟಕಿಯಾಚೆ ಹೆಂಗಸೊಬ್ಬಳು ಮೆಟ್ಟಿಲು ತೊಳೆಯುತ್ತಾಳೆ.
ಮರುದಿನವೂ ತೊಳೆಯುತ್ತಾಳೆ.
ಮೂರನೆಯ ದಿನ ತೊಳೆಯುವುದಿಲ್ಲ.
ಅಷ್ಟೇ. ನನ್ನ ಬೆನ್ನಲ್ಲಿ ಚಳಿ ಹತ್ತಿತು.
ಬಂದೂಕಿಲ್ಲ, ವಾದ್ಯವಿಲ್ಲ,
ಒದ್ದೆಯಾಗದ ಒಂದು ಮೆಟ್ಟಿಲು.

ಕಣ್ಣು ಮಾತ್ರ ಹಳೇ ಚಾಳಿ ಬಿಡದು.
ಇಪ್ಪತ್ತು ನಿಮಿಷಕ್ಕೊಮ್ಮೆ ಪುಟದ ಬಲಮೂಲೆಗೆ ಓಡುತ್ತದೆ.
ಅಲ್ಲಿ ಚುಕ್ಕೆ ಮಿನುಗಬೇಕು, ಏಳು ಸೆಕೆಂಡಿಗೆ ಇನ್ನೊಂದು,
ಎರಡನೆಯದಕ್ಕೆ ಕಥೆಯನ್ನು ಪಕ್ಕದ ಯಂತ್ರಕ್ಕೆ ದಾಟಿಸಬೇಕು.
ಆ ಚುಕ್ಕೆ ಕಾಯುತ್ತಲೇ ಎಷ್ಟು ಕಳಕೊಂಡೆ:
ಮುತ್ತುಗಳು, ಸಾವುಗಳು,
ಯಾರು ಯಾರನ್ನು ಹಿಡಿದುಕೊಟ್ಟರೆಂಬುದು.
ಊರೆಲ್ಲ ನಡುವೆ ನೋಡಿತು, ನಾನು ಮೂಲೆ ನೋಡಿದೆ.
ಈ ಮೂಲೆಯಲ್ಲಿರುವುದು ಎನಿಡಳ ಬೆರಳಿನ ಕೊಳೆ,
ತಾಮ್ರದ ಚಿಲ್ಲರೆಯದು.

ಆಮೇಲೆ ನೆನಪಾದ, ಆರ್ನಲ್ಡ್ ಬ್ಲೆಂಕಿನ್.
ಮೀನಿನ ಟ್ರಾಲರಿನಲ್ಲಿ ರೇಡಿಯೋ ನೋಡಿಕೊಳ್ಳುತ್ತಿದ್ದವನು.
ಉತ್ತರದ ಹಿಮದ ಕಡಲಲ್ಲಿ ಮೂರು ವಾರ, ದಡದಲ್ಲಿ ಮೂರು ದಿನ.
ಬುಧವಾರದ ಮ್ಯಾಟಿನಿ, ಬಾಗಿಲ ಪಕ್ಕದ ಸೀಟು.
ನನ್ನ ಕಿಂಡಿಗೆ ಕಂಡದ್ದು ಅವನ ಬೋಳುತಲೆಯ ಹಿಂಭಾಗ.
ಕಾರನ್ನು ಕಾರು ಅಟ್ಟಿಸಿಕೊಂಡು ಹೋಗುವಾಗ,
ಎಲ್ಲರೂ ಉಸಿರು ಬಿಗಿಹಿಡಿದಾಗ,
ಆ ತಲೆ ಕುಲುಕುತ್ತಿತ್ತು, ನಗುವಿಗೆ.
ಕೊನೆಯನ್ನು ಎಂದೂ ನೋಡಲಿಲ್ಲ, ಎದ್ದು ಹೋಗುತ್ತಿದ್ದ.
ಒಮ್ಮೆ ಮೆಟ್ಟಿಲಲ್ಲಿ ಸಿಕ್ಕಾಗ ಕೇಳಿದೆ, ಯಾಕಪ್ಪ ನಗು?
ಒಬ್ಬನಿಗೂ ನೆಗಡಿಯೇ ಆಗೋದಿಲ್ಲವಲ್ಲ, ಅಂದ.
ತಿಕ್ಕಲು ಅಂದುಕೊಂಡೆ.

ಪುಟ ನೂರಾ ಅರವತ್ತು. ನಾಯಕನಿಗೆ ನೆಗಡಿ.
ಕಲ್ಲಿದ್ದಲ ಗೂಡಿನಲ್ಲಿ ಮುದುಡಿ ಕೂತಿದ್ದಾನೆ,
ಹೊರಗೆ ಬೂಟುಗಳು. ಸೀನು ಬರುತ್ತಿದೆ.
ಎರಡು ಪುಟ ತುಂಬ ಒಂದೇ ಸೀನು!
ನಾನೂ ಮೂಗು ಹಿಡಿದು ಕೂತೆ,

ಆಗ ಮಡಿಲಿಗೆ ಬಿತ್ತು ಅರ್ಧ ಟಿಕೇಟು.
ಬುಧವಾರದ ಮುದ್ರೆ. ಹಿಂದೆ ಪೆನ್ಸಿಲಿನಲ್ಲಿ ನಾಲ್ಕು ಅಂಕಿ.
ಎದ್ದು ಉಳಿದ ಹತ್ತನ್ನೂ ಕೊಡವಿದೆ:
ಬುಧವಾರ. ಬುಧವಾರ. ಬುಧವಾರ.
ಗಲ್ಲಾ ಲೆಕ್ಕ ಇರಬೇಕು, ಅಂದುಕೊಂಡೆ.
ಬುಧವಾರದ ಮ್ಯಾಟಿನಿಗೆ
ಅಷ್ಟು ಜನ ಯಾವ ಕಾಲಕ್ಕೆ ಬಂದಿದ್ದರು?

ಫೋನು ಮಾಡಿದೆ.
ಎನಿಡ್, ಈ ಬ್ಲೆಂಕಿನ್ ಇದ್ದನಲ್ಲ...
ಆ ಕಡೆ ಕೆಟಲು ಶಿಳ್ಳೆ ಹಾಕಿ, ನಿಂತು,
ಬಟ್ಟಲಿಗೆ ನೀರು ಬಗ್ಗಿಸುವ ಸದ್ದು.
ಹೇಳಬೇಡ ಅಂದಿದ್ದೆಯಲ್ಲಯ್ಯಾ ನೀನು, ಅಂದಳು.

ಫೋನಿಟ್ಟೆ. ಪುಟ ನೂರಾ ಅರವತ್ತೆರಡು.
ಅವನು ಇನ್ನೂ ಸೀನಿಲ್ಲ.