ಗೋಡೆ ಸರಿಸುವ ಸಿಡಿ

ಅಂಗಡಿ ಖಾಲಿ ಮಾಡೂ ಮುಂದ ಸಿಕ್ತು,
ರಸೀದಿ ಬುಕ್ಕಿನ ಕೆಳಗ, ಒಂದು ಒಣಗಿದ ಜಿರಳಿ ಜೋಡಿ.
ಮ್ಯಾಲೆ ಹಸಿರು ಮಾರ್ಕರಿನಾಗ ನಂದೇ ಅಕ್ಷರ:
‘ಪಾರ್ಟಿಶನ್. ಯಾರಿಗೂ ಕೊಡಬ್ಯಾಡ.’

ಮಾಡಿದವರು ಅದನ್ನ ಮಾರಿದರು.
ಕೊಂಡವರು ನಾಕು ದಿನ ಡಬ್ಬಿ ಬಣ್ಣ ಬದಲಿ ಮಾಡಿ
ಕಡೀಕ ಒಂದು ಸಾಲು ಬರದು ಕೈ ತೊಳಕೊಂಡರು:
ಇನ್ನು ಮುಂದ ಇದು ಇಲ್ಲ.
ಆ ಸಾಲು ಬಾಗಲಕೋಟಿ ನವನಗರ ಮುಟ್ಟಾಕ ಎರಡು ವರ್ಷ ಹಿಡೀತು.
ಅಲ್ಲೀತನಕ ನಾ ಗೋಡಿ ಸರಿಸಿಕೋತ ಕುಂತಿದ್ದೆ.

ಏನಿಲ್ಲ, ಪರದೆ ಮ್ಯಾಲೆ ಡಿಸ್ಕು ಉದ್ದಕ ಒಂದು ಪಟ್ಟಿ ಆಗತಿತ್ತು,
ಖಣದ ಅಂಚಿನಂಗ. ಸಿ ಅಂದ್ರ ಹಸಿರು, ಡಿ ಅಂದ್ರ ನೀಲಿ.
ನಡುವಿನ ಗೆರಿ ಹಿಡದು ಎಳದ್ರ ಸರೀತಿತ್ತು.
ಒಳಗ ಇದ್ದವರು ಎದ್ದು ಹೊರಗ ನಿಲ್ಲೂದು ಬೇಕಿಲ್ಲ;
ಉದ್ರಿ ಲೆಕ್ಕ, ಮದವಿ ಫೋಟೋ, ಹುಡುಗರ ಆಟ
ನಿದ್ದಿಯೊಳಗ ಮಗ್ಗಲಾ ಬದಲಿಸಿದಂಗ.
ನೂರೈವತ್ತು ರೂಪಾಯಿ. ಕರಾರು ಒಂದೇ:
ಕರೆಂಟು ಹೋಗಬಾರದು.

ಗುಳೇದಗುಡ್ಡದಿಂದ ಕುಬಸದ ಅಣ್ಣತಮ್ಮರು ಬಂದಿದ್ದರು,
ಒಂದೇ ಲೂನಾ, ಇಬ್ಬರ ನಡುವ ಸಿಪಿಯು.
‘ಮಗ್ಗ ಹಂಚಿಕೊಂಡ್ವಿ, ಅಂಗಡಿ ಹಂಚಿಕೊಂಡ್ವಿ,
ಇದೊಂದು ಉಳದೈತಿ,’ ಅಂದ ಮಹಾರುದ್ರಪ್ಪ.
‘ಅರ್ಧಕ್ಕ ಅರ್ಧ. ಕೂದಲೆಳಿ ಹೆಚ್ಚು ಕಡಿಮಿ ಆಗಬಾರದು,’
ಅಂದ ಶಂಭುಲಿಂಗ, ಅಣ್ಣನ ಮಾರಿ ನೋಡದ.
ನಲವತ್ತು ಜಿಬಿ ಡಿಸ್ಕು, ಪರದೆ ಮ್ಯಾಲೆ ಮೂವತ್ತೇಳೂ ಚಿಲ್ಲರಿ.
‘ಉಳದದ್ದು ಎಲ್ಲಿ ಹೋತು?’
ಇಬ್ಬರೂ ಒಮ್ಮೆಲೇ ಕೇಳಿದರು, ನನಗಲ್ಲ.

ಅರವತ್ತೊಂದು ಪರ್ಸೆಂಟಿಗೆ ಕರೆಂಟು ಹೋತು.
ಯುಪಿಎಸ್ ಕುಂಯ್‌ಗುಡಾಕ ಹತ್ತಿತು.
ಮೂವರೂ ಉಸಿರು ಬಿಗಿ ಹಿಡದು ಆ ನೀಲಿ ಪಟ್ಟಿ ನೋಡಿದ್ವಿ,
ಹೆರಿಗಿ ಖೋಲಿ ಹೊರಗ ನಿಂತಂಗ.

ಹಳೇ ಊರಿನ ಹೊಳಿದಂಡಿ ಓಣ್ಯಾಗ ಹುಟ್ಟಿದವ ನಾ.
ನೀರು ಬರತೈತಿ ಅಂತ ನಮ್ಮನ್ನ ಇಲ್ಲಿ ತಂದು ಬರದರು:
ಡಿಸ್ಕಿನಾಗೂ ಸೆಕ್ಟರು, ಊರಾಗೂ ಸೆಕ್ಟರು.
ಎಡಕಿನ ಗೋಡಿ ನದಾಫರದು, ಬಲಕ್ಕ ಪತ್ತಾರ ಮಾನಪ್ಪಂದು;
ಇಲ್ಲಿ ಒಬ್ಬರಿಗೆ ಹನ್ನೆರಡು, ಒಬ್ಬರಿಗೆ ನಲವತ್ತು ಬಂತು.
ಅವ್ವ ಒಂದು ಚಿಟಿಕಿ ಸುಣ್ಣ ಕೇಳಾಕ ಆಟೋ ಹಿಡೀಬೇಕಾತು.
ಸರಿಸಿದವರ ಕಡೆ ಈ ಸಿಡಿ ಇರಲಿಲ್ಲ.

ಗಿರಾಕಿಗೆ ನಾ ಹೇಳೂ ಮಾತು ಒಂದಿತ್ತು:
ಅಳಿಸಿದ್ದು ಅಳಿಸಿರೂದಿಲ್ಲರೀ,
ಪಟ್ಟಿಯೊಳಗಿನ ಹೆಸರು ಅಷ್ಟ ತಗೀತಾರ.
ಬ್ಯಾಸಗ್ಯಾಗ ಹಿನ್ನೀರು ಹಿಂದಕ್ಕ ಸರದಾಗ ಹೋಗಿ ನಿಂತರ
ನಮ್ಮ ಪಡಸಾಲಿ ಕಲ್ಲು ಕಾಣತಾವ,
ಒರಳಿನ ಕುಣಿ ಕಾಣತೈತಿ, ಅದರಾಗ ಒಂದು ಕಪ್ಪಿ.
ಮ್ಯಾಲೆ ಯಾರೂ ಇನ್ನ ಏನೂ ಬರದಿಲ್ಲ.

ಯುಪಿಎಸ್ ಸಾಯೂಕಿಂತ ಒಂದು ಹೆಜ್ಜಿ ಮೊದಲ ಕೆಲಸ ಮುಗೀತು.
ಹಸಿರು ಇಷ್ಟು, ನೀಲಿ ಅಷ್ಟೇ. ತುದಿಗೆ ಬೂದಿ ಬಣ್ಣದ
ಎಂಟು ಎಂಬಿ, ಯಾರ ಹೆಸರಿಗೂ ಬರಲಾರದ್ದು.
ಯಾವಾಗಲೂ ಅಷ್ಟು ಬಿಡತಿತ್ತು ಆ ಟೂಲು, ಯಾಕ ಗೊತ್ತಿಲ್ಲ.
‘ಅದು ಯಾರದು?’
‘ಯಾರದೂ ಅಲ್ಲ. ಎರಡು ಹಾಡು ಹಿಡಸತಾವ.’
‘ಯಾವ ಎರಡು?’ ಅಂದ ಶಂಭುಲಿಂಗ.
ಮಹಾರುದ್ರಪ್ಪ ನಕ್ಕ. ಆಮ್ಯಾಲೆ ಎಪ್ಪತ್ತೈದರ ಪಾಲು
ತಾನು ಕೊಡತೇನಿ, ತಾನು ಕೊಡತೇನಿ ಅಂತ ಜಗಳಾಡಿದರು.

ಈಗಿನ ಲ್ಯಾಪ್‌ಟಾಪಿಗೆ ಸಿಡಿ ನುಂಗೂ ಬಾಯಿನೇ ಇಲ್ಲ.
ರದ್ದಿಯವ ತೂಕಕ್ಕ ಹಚ್ಚಲಿಲ್ಲ, ‘ಇದಕ್ಕ ರೇಟಿಲ್ಲ,’ ಅಂದ.
ತಂದು ಹಿತ್ತಲ ಪೇರಲ ಗಿಡಕ್ಕ ಕಟ್ಟೇನಿ, ಗಿಳಿಗಳ ಸಲುವಾಗಿ.
ಮುಂಜಾನೆ ಬಿಸಲಿಗೆ ಕಂಪೌಂಡಿನ ಮ್ಯಾಲೆ ಒಂದು ಬೆಳಕಿನ ಗೆರಿ
ಗಾಳಿ ಬಂದಂಗ ಆ ಕಡೆ ಈ ಕಡೆ ಸರೀತೈತಿ.
ಗಿಳಿ ಎರಡು ದಿನ ಹೆದರಿದುವು.