ಹದಿನೇಳರ ಮಗ್ಗಿ

ಆರೂವರೆಗೆ ಏಳುವುದು. ಕಿಟಕಿಯ ಒಳಗಡೆಯೇ ಇಬ್ಬನಿ,
ಹೀಟರಿನ ಮೇಲೆ ಒಣಗಿಯೂ ಒಣಗದ ಕಾಲುಚೀಲ.
ಟೆಮಿಲೋಲು ಆಗಲೇ ಮಂಡಿಯೂರಿದ್ದಾಳೆ, ಇಬಾದಾನಿನ ಹುಡುಗಿ,
ದೇವರ ಜೊತೆ ಜಗಳಕ್ಕೆ ನಿಂತವಳ ಹಾಗೆ ಗಟ್ಟಿ ದನಿ.
ನನ್ನದು ಪಿಸುಮಾತು; ಅರ್ಧಕ್ಕೇ ತೂಕಡಿಕೆ,
ಅದನ್ನೂ ಅವನಿಗೇ ಒಪ್ಪಿಸುತ್ತೇನೆ.

ಎದೆಯ ಮೇಲೆ ಹೆಸರಿನ ಬಿಲ್ಲೆ: ಶೀಲವಂತಿ ಹೊಸಮನಿ.
ಗ್ರಿಮ್ಸ್‌ಬಿಯ ಗಾಳಿಗೆ ಹಳೆಯ ಮೀನಿನ ನೆನಪು.
ಸಾಲುಮನೆಗಳು, ಒಂದರ ಹೆಗಲಿಗೆ ಇನ್ನೊಂದರ ಹೆಗಲು,
ಬೆಟಗೇರಿಯ ನೇಕಾರರ ಓಣಿಯ ಹಾಗೇ,
ಮಗ್ಗದ ಸದ್ದು ಮಾತ್ರ ಇಲ್ಲ.

ಬಾಗಿಲು ಬಡಿಯುವುದೂ ಒಂದು ಕಸುಬು.
ಮೂರು ಸಲ ಬಡಿ, ಎರಡು ಹೆಜ್ಜೆ ಹಿಂದೆ ಸರಿ,
ನಾಯಿ ಬೊಗಳಿದರೆ ನಗು, ಪರದೆ ಅಲುಗಿದರೆ ಕಾಯಿ.
'ನಾವೆಲ್ಲ ಸತ್ತಿದ್ದೇವೆ ಅಂತ ಬರಕೊ!'
ಒಬ್ಬಳು ಒಳಗಿನಿಂದಲೇ ಕೂಗಿದಳು.
ಟೆಮಿ ಬರೆದುಕೊಂಡಳು.

ನಮ್ಮ ಮುತ್ತಜ್ಜಿಯ ಬಾಗಿಲನ್ನೂ ಒಬ್ಬ ಬಡಿದಿದ್ದನಂತೆ,
ಜರ್ಮನಿಯ ಪಾದ್ರಿ, ಬಿಸಿಲಿಗೆ ಬೆಂದ ಗಜ್ಜರಿ ಮೂಗು,
'ಅವ್ವಾ' ಅನ್ನಲು ಹೋಗಿ 'ಹಾವು' ಅಂದನಂತೆ.
ಆಕೆ ಮೊದಲ ಸಲ ನಾಯಿ ಬಿಟ್ಟಳು,
ಎರಡನೇ ಸಲ ನಾಲಿಗೆ ಹರಿಬಿಟ್ಟಳು,
ಮೂರನೇ ಸಲ, ಬಾಯಾರಿ ನಿಂತವನಿಗೆ, ಒಂದು ತಂಬಿಗೆ ಮಜ್ಜಿಗೆ.
ನಮ್ಮ ಮನೆತನದ ವಿಶ್ವಾಸವೆಲ್ಲ ಆ ಮಜ್ಜಿಗೆಯ ಹೆಪ್ಪು.
ಇಲ್ಲಿ ಮೂರನೇ ಸಲಕ್ಕೂ ನನಗೆ ಸಿಕ್ಕಿದ್ದು ಮಳೆ.

ಗುರುವಾರ ಆಹಾರದ ಚೀಲ ಹಂಚುವ ಸರದಿ.
ಬೀನ್ಸ್ ಡಬ್ಬಿ, ಪಾಸ್ತಾ, ಹಾಲಿನ ಪುಡಿ.
ಪಟ್ಟಿಯಲ್ಲಿ ಇಲ್ಲದ್ದನ್ನೇ ಕೇಳುತ್ತಾರೆ:
ಸಾಬೂನು, ಮಗುವಿನ ಚಡ್ಡಿ, ಒಂದೈದು ನಿಮಿಷ.
ಅವ್ವ ಫೋನಿನಲ್ಲಿ: 'ಅಲ್ಲೂ ಬಡವರದಾರೇನ?'
'ಅದಾರವ್ವ.'
ಒಂದು ಗಳಿಗೆ ಸುಮ್ಮನಾದಳು. 'ನೀ ಉಂಡಿಯೇನ?'

ನಾರ್ಮನ್ ಬ್ಲಾಂಚರ್ಡನದು ಸಾಲಿನ ಕಡೆಯ ಮನೆ.
ಹದಿನೈದಕ್ಕೇ ಐಸ್‌ಲ್ಯಾಂಡಿನ ಕಡಲಿಗೆ ಹೋದವನು,
ಎಡಗೈಯ ಎರಡು ಬೆರಳು ಬಲೆಯ ಹಗ್ಗ ತಿಂದಿದೆ.
ಅವನಿಗೆ ಸುವಾರ್ತೆ ಬೇಡ, ಕಸದ ತೊಟ್ಟಿ ಬೀದಿಗೆ ಎಳೆಯಬೇಕು.
ಎಳೆದೆ. ಒಂದು ಬುಧವಾರ ಕಪ್ಪು, ಇನ್ನೊಂದು ಬುಧವಾರ ನೀಲಿ.
ನನ್ನನ್ನು 'ಶೀಲಾ' ಅನ್ನುತ್ತಾನೆ;
'ವಂತಿ' ಹೊಸ್ತಿಲಾಚೆಯೇ ಚಳಿಯಲ್ಲಿ ನಿಂತಿರುತ್ತದೆ.

ಫೆಬ್ರವರಿಯಲ್ಲೊಮ್ಮೆ, ಎದೆಯಲ್ಲಿ ಕಫ ಕುದಿಯುವಾಗ,
'ಪ್ರಾರ್ಥನೆ ಮಾಡು' ಅಂದ. 'ಇಂಗ್ಲಿಷಿನಲ್ಲಿ ಬೇಡ,
ಇಂಗ್ಲಿಷಿನವೆಲ್ಲ ಕೇಳಿ ಆಗಿದೆ. ನಿನ್ನದರಲ್ಲಿ.'
ಕಣ್ಣು ಮುಚ್ಚಿದೆ. ಒಂದಕ್ಷರ ಬರಲಿಲ್ಲ.
ಹುಟ್ಟಿದಾಗಿನಿಂದ ಕಲಿತದ್ದೆಲ್ಲ ಒರೆಸಿದ ಪಾಟಿ.
ಟೆಮಿ ಕೆಮ್ಮಿದಳು.
ಬಾಯಿ ತಾನಾಗಿ ತೆರೆದುಕೊಂಡಿತು:

ಹದಿನೇಳೊಂದ್ಲೆ ಹದಿನೇಳು
ಹದಿನೇಳೆರಡ್ಲೆ ಮೂವತ್ನಾಕು
ಹದಿನೇಳ್ಮೂರ್ಲೆ ಐವತ್ತೊಂದು

ರಾಗ ಎಳೆದು, ಬೆಂಚಿನ ಮೇಲೆ ನಿಲ್ಲಿಸಿದ ಹುಡುಗಿಯ ಹಾಗೆ,
ನೂರಾ ಎಪ್ಪತ್ತರ ತನಕ.
'ಆಮೆನ್' ಅಂದ ನಾರ್ಮನ್. ಮೂರು ಬೆರಳಿನ ಕೈ ನನ್ನ ಕೈಮೇಲೆ.
'ಅಲೆಯ ಥರ ಇದೆ,' ಅಂದ, 'ಹೋಗಿ ಮತ್ತೆ ಬರುತ್ತೆ.'

ಬಸ್ಸಿನಲ್ಲಿ ಟೆಮಿಗೆ ಹೇಳಿದೆ.
ಎಷ್ಟು ನಕ್ಕಳೆಂದರೆ ಚಾಲಕ ಕನ್ನಡಿಯಲ್ಲಿ ನೋಡಿದ.
ನಾನು ನಗಲಿಲ್ಲ.
ರಾತ್ರಿ ವಾರದ ವರದಿ:
ಬಡಿದ ಬಾಗಿಲು ಇನ್ನೂರ ಆರು, ತೆರೆದದ್ದು ಹತ್ತೊಂಬತ್ತು,
ಆತ್ಮಗಳು ಸೊನ್ನೆ.
ಬೆರಳು ಮತ್ತೆ ಮಗ್ಗಿ ಎಣಿಸತೊಡಗಿ ಒಂಬತ್ತರಲ್ಲಿ ನಿಂತಿತು.
ಹದಿನೇಳೊಂಬತ್ಲೆ ನೂರಾ ಐವತ್ಮೂರು.
ರವಿವಾರದ ಶಾಲೆಯಲ್ಲಿ ಎಸ್ತರಕ್ಕ ಬಾಯಿಪಾಠ ಮಾಡಿಸಿದ ಸಂಖ್ಯೆ:
ರಾತ್ರಿಯಿಡೀ ಏನೂ ಸಿಗದ ಬೆಸ್ತರು
ಬೆಳಗಿನ ಜಾವ, ದೋಣಿಯ ಬಲಗಡೆ ಬೀಸಿದ ಬಲೆಯಲ್ಲಿ
ಎಣಿಸಿದ ಮೀನು.

ಅರ್ಥ ಕಟ್ಟಲು ಹೋಗಲಿಲ್ಲ. ಲೆಕ್ಕ ಅಂದರೆ ಲೆಕ್ಕ.

ಬುಧವಾರ ಹೋದೆ. ನೀಲಿಯ ಸರದಿ.
ನಾರ್ಮನ್ ಕಿಟಕಿಯಿಂದ ಕೂಗಿದ:
'ಆ ಪ್ರಾರ್ಥನೆ, ಅದು ಇನ್ನೂ ಇದೆಯಾ?'
'ಇದೆ' ಅಂದೆ, ಚಕ್ರ ಸಿಕ್ಕಿಕೊಂಡ ತೊಟ್ಟಿಯನ್ನು ಎಳೆಯುತ್ತ,
'ಹದಿನೆಂಟರದು.'